ದೊಡ್ಡಮ್ಮನ ಕಾರು ಡಿಸ್ಕ್ ತಿನ್ನುತ್ತಿದ್ದುದು ಏಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳೂ ಬರುವುದಿಲ್ಲ. ಓದಲು ಕಷ್ಟವಾದರೆ ಕ್ಷಮಿಸಬೇಕು. ಕಂಡದ್ದನ್ನು ಎರಡೆರಡು ಸಲ ನೋಡಿ, ಕೇಳಿದ್ದನ್ನು ಇನ್ನೊಮ್ಮೆ ಕೇಳಿ ಬರೆದಿದ್ದೇನೆ.

ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಇಪ್ಪತ್ತೆರಡು ವರ್ಷಗಳಿಂದ ಕಾರು ಓಡಿಸಲು ಕಲಿಸುತ್ತಾರೆ. ಅವರ ಶಾಲೆ ಎಂದರೆ ಮನೆಯ ಮುಂದಿನ ಕೋಣೆ, ಒಂದು ಮೇಜು, ಗೋಡೆಗೆ ಅಂಟಿಸಿದ ರಸ್ತೆ ಚಿಹ್ನೆಗಳ ಹಾಳೆ, ಹೊರಗೆ ನಿಂತಿರುವ ಹದಿನಾಲ್ಕು ವರ್ಷದ ಪುಟ್ಟ ಬಿಳಿ ಕಾರು. ಬೀದಿಯವರು ಆ ಕಾರನ್ನು ಕೆಂಗಣ್ಣಿ ಎಂದು ಕರೆಯುತ್ತಿದ್ದರು. ಹಿಂದಿನ ಗಾಜಿಗೆ ಅಂಟಿಸಿದ ಕೆಂಪು ಅಕ್ಷರದಿಂದ ಆ ಹೆಸರು ಬಂದಿರಬೇಕು ಎಂದುಕೊಂಡಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಕಾರು ಎಷ್ಟು ಕಿಲೋಮೀಟರ್ ಓಡಿತು, ಯಾವ ದಿನ ಏನು ರಿಪೇರಿಯಾಯಿತು ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ದೊಡ್ಡಮ್ಮ ಯಾರಿಗೂ ಗದರಿದ್ದನ್ನು ನಾನು ನೋಡಿಲ್ಲ. ಕಲಿಯುವವರು ಕ್ಲಚ್ ಬಿಟ್ಟು ಕಾರು ನಿಂತುಹೋದರೆ, "ಕೆಮ್ಮಿತು ಅಷ್ಟೆ, ಸತ್ತಿಲ್ಲ. ಇನ್ನೊಂದ್ಸಲ," ಎನ್ನುತ್ತಾರೆ. ಹೊಸಬರಿಗೆಲ್ಲ ಮೊದಲ ದಿನ ಒಂದೇ ಪಾಠ: "ಭಯಾನ ಹಿಂದಿನ ಸೀಟಲ್ಲಿ ಕೂರಿಸಿ. ಬರಲಿ, ಆದ್ರೆ ಬಾಯಿ ಮುಚ್ಕೊಂಡು ಬರಲಿ."

ಈ ಮಾತು ಕೇಳಿ ಟೈಲರಮ್ಮ ಹಿಂದೆ ತಿರುಗಿ ನನ್ನನ್ನು ನೋಡಿದ್ದರು. "ಹಾಗಾದ್ರೆ ಇವಳೇನಾ ಭಯ? ಬಾಯೇ ಬಿಡಲ್ಲ." ಟೈಲರಮ್ಮ ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾರೆ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರು. ಎರಡು ಸಲವೂ ಪರೀಕ್ಷಕರು ಬರೆದದ್ದು ಒಂದೇ: ಬ್ರೇಕ್ ಹಾಕುವುದು ತಡ.

ಕಳೆದ ತಿಂಗಳು ಕಾರು ಮತ್ತೆ ನಡುಗತೊಡಗಿತು. ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ಚಳಿ ಹಿಡಿದವರ ಕೈಯಂತೆ ಅದುರುತ್ತಿತ್ತು. ಕಲಿಯಲು ಬಂದಿದ್ದ ಇಬ್ಬರು ಹೆದರಿ ಬಿಟ್ಟೇಹೋದರು. ದೊಡ್ಡಮ್ಮ ಕಾರನ್ನು ರಿಪೇರಿ ಮೇಸ್ತ್ರಿಯ ಶೆಡ್ಡಿಗೆ ತಂದರು. ಮೇಸ್ತ್ರಿ ಹುಟ್ಟಾ ತಮಾಷೆಗಾರ, ಆದರೆ ಚಕ್ರ ಬಿಚ್ಚಿದ ಮೇಲೆ ನಗುವುದಿಲ್ಲ.

ಚಕ್ರದ ಹಿಂದೆ ಊಟದ ತಟ್ಟೆಯಷ್ಟು ಅಗಲದ ಕಬ್ಬಿಣದ ಬಿಲ್ಲೆ ಇರುತ್ತದೆ, ಅದೇ ಡಿಸ್ಕ್. ಬ್ರೇಕ್ ಒತ್ತಿದಾಗ ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ಒಳ್ಳೆಯ ಡಿಸ್ಕ್ ಬೂದು ಬಣ್ಣಕ್ಕೆ, ನುಣ್ಣಗೆ ಇರುತ್ತದೆ. ನಮ್ಮದರ ಮೇಲೆ ನೀಲಿ ಮಚ್ಚೆಗಳಿದ್ದವು.

"ಇದು ಬೆಂದಿದೆ ಅಕ್ಕಾ," ಎಂದರು ಮೇಸ್ತ್ರಿ. "ನೀಲಿ ಬಂದ್ರೆ ಸಿಕ್ಕಾಪಟ್ಟೆ ಕಾದಿದೆ ಅಂತ ಅರ್ಥ. ಇದನ್ನ ಹಾಕಿ ಎಷ್ಟು ದಿನ ಆಯ್ತು?"

ನಾನು ಪುಸ್ತಕ ತೆಗೆದು ತೋರಿಸಿದೆ. ಮೊದಲಿನ ಜೋಡಿ ನಾಲ್ಕು ವರ್ಷ ಬಂದಿತ್ತು. ಆಮೇಲಿನದು ಏಳು ತಿಂಗಳು. ಇದು ಐದೇ ತಿಂಗಳು.

ಮೇಸ್ತ್ರಿ ಒಂದೊಂದನ್ನೇ ಪರೀಕ್ಷಿಸಿದರು. ಡಿಸ್ಕ್ ಕೂರುವ ಜಾಗದಲ್ಲಿ ತುಕ್ಕಿನ ಒಂದು ಪುಡಿ ಸಿಕ್ಕಿಕೊಂಡರೂ ಡಿಸ್ಕ್ ಓರೆಯಾಗಿ ತಿರುಗುತ್ತದಂತೆ. ಅಲ್ಲಿ ಕನ್ನಡಿಯಷ್ಟು ಚೊಕ್ಕಟವಾಗಿತ್ತು. ಪ್ಯಾಡ್ ಹಿಡಿದುಕೊಳ್ಳುವ ಕ್ಯಾಲಿಪರ್ ಅಂಟಿಕೊಂಡಿದೆಯೇ ಎಂದು ಎಳೆದು ನೋಡಿದರು, ಬೆಣ್ಣೆಯಂತೆ ಜಾರಿತು. ಡಿಸ್ಕಿನ ದಪ್ಪ ಅಳೆದರು, ಅಂಚಿನಲ್ಲಿ ಕೆತ್ತಿದ ಕನಿಷ್ಠ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚಿತ್ತು.

"ಕಬ್ಬಿಣದ ತಪ್ಪಲ್ಲ ಇದು," ಎಂದರು ಕೊನೆಗೆ. "ಕಾರಣ ಗೊತ್ತಾಗದೆ ನಾನು ಇನ್ನೊಂದು ಜೋಡಿ ಹಾಕಲ್ಲ. ಇದೇ ಥರ ಕಾಯ್ತಾ ಹೋದ್ರೆ ಒಂದಿನ ಇಳಿಜಾರಲ್ಲಿ ಬ್ರೇಕೇ ಹಿಡಿಯಲ್ಲ. ಆಗ ಈ ಕಾರನ್ನ ಪಾಠಕ್ಕೆ ಇಟ್ಕೊಳ್ಳೋದು ತಪ್ಪಾಗುತ್ತೆ."

"ಇದು ಹೋದ್ರೆ ಶಾಲೆನೂ ಹೋದ ಹಾಗೆ," ಎಂದರು ದೊಡ್ಡಮ್ಮ. ಅಷ್ಟೇ ಹೇಳಿ ಕರವಸ್ತ್ರ ಮಡಿಸತೊಡಗಿದರು. ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸಿದರು.

ಮೇಸ್ತ್ರಿ ನನ್ನ ಕಡೆ ತಿರುಗಿ, "ಮೌನಗೌರಿ, ನಿನ್ನ ಪುಸ್ತಕದಲ್ಲಿ ಎಲ್ಲಾ ಇದೆ, ಇದೊಂದು ಇಲ್ಲ. ಎರಡು ದಿನ ನಿಧಾನಕ್ಕೆ ಓಡಿಸ್ಲಿ, ಇಳಿಜಾರು ಬೇಡ. ನೀನು ಒಳಗೆ ಕೂರಬೇಡ, ಸೈಕಲ್ ತಗೊಂಡು ಹಿಂದೆ ಹೋಗು. ಕಂಡದ್ದು ಬರಿ," ಎಂದು ಚಕ್ರ ಮತ್ತೆ ಜೋಡಿಸಿದರು.

ಮರುದಿನ ಬೆಳಿಗ್ಗೆ ಟೈಲರಮ್ಮನ ಪಾಠ. ಕಾರು ಆಮೆಯಂತೆ ಹೋಗುತ್ತಿತ್ತು, ಹಿಂದೆ ನನ್ನ ಸೈಕಲ್. ಬ್ರೇಕ್ ಹಾಕಿದಾಗಲೆಲ್ಲ ಗೆರೆ ಎಳೆಯೋಣ ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದೆ. ಬ್ರೇಕ್ ಹಾಕಿದರೆ ಹಿಂದಿನ ಕೆಂಪು ದೀಪ ಹತ್ತುತ್ತದಲ್ಲ, ಅದೇ ನನ್ನ ಲೆಕ್ಕ.

ಮೊದಲ ಬೀದಿಯಲ್ಲಿ ದೀಪ ಹತ್ತಿತು. ನಾನು ಆರುವುದನ್ನು ಕಾದೆ. ಆರಲಿಲ್ಲ. ನೇರ ರಸ್ತೆ ಬಂತು, ಆರಲಿಲ್ಲ. ಎದುರಿಗೆ ಯಾರೂ ಇಲ್ಲದ ಶಾಲೆಯ ಮೈದಾನದ ಪಕ್ಕದಲ್ಲೂ ಆರಲಿಲ್ಲ. ಒಂದೇ ಗೆರೆ ಎಳೆದು ಮನೆಗೆ ಬಂದೆ. ಬೀದಿಯವರು ಕೆಂಗಣ್ಣಿ ಎನ್ನುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಕಾರಿನೊಳಗೆ ಕೂತವರಿಗೆ ಕಾರಿನ ಬೆನ್ನು ಕಾಣುವುದಿಲ್ಲ.

ಮಧ್ಯಾಹ್ನ ಕಾರು ನಿಂತಾಗ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದೆ. ಪಾಠದ ಕಾರಾದ್ದರಿಂದ ಬ್ರೇಕಿಗೆ ಎರಡು ಪೆಡಲ್, ಕಲಿಯುವವರಿಗೊಂದು, ದೊಡ್ಡಮ್ಮನ ಕಾಲ ಬಳಿ ಇನ್ನೊಂದು. ಎರಡಕ್ಕೂ ನಡುವೆ ಒಂದು ಸರಳು, ಒಂದನ್ನು ಒತ್ತಿದರೆ ಇನ್ನೊಂದೂ ಇಳಿಯುತ್ತದೆ. ಕಲಿಯುವವರ ಪೆಡಲಿನ ರಬ್ಬರಿನಲ್ಲಿ ಗೆರೆಗಳು ಹಾಗೇ ಇದ್ದವು. ದೊಡ್ಡಮ್ಮನ ಪೆಡಲಿನ ರಬ್ಬರು ಸವೆದು ಸೋಪಿನ ಚೂರಿನಂತಾಗಿತ್ತು.

ಬಾಯಿಬಿಟ್ಟು ಹೇಳಲು ನನ್ನಿಂದಾಗಲಿಲ್ಲ. ಮೂರನೇ ದಿನ ಟೈಲರಮ್ಮನ ಪಾಠ ಮುಗಿಸಿ ಮೂವರೂ ಶೆಡ್ಡಿಗೆ ಹೋದೆವು. ಅಲ್ಲಿ ಪುಸ್ತಕದ ಆ ಪುಟ ತೆರೆದು ದೊಡ್ಡಮ್ಮನ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

"ದೀಪದ ಸ್ವಿಚ್ ಕೆಟ್ಟಿರ್ಬೇಕು," ಎಂದರು.

"ಇರಬಹುದು," ಎಂದರು ಮೇಸ್ತ್ರಿ. ಚಕ್ರಗಳಿಗೆ ಕಲ್ಲು ಕೊಟ್ಟರು. ಟೈಲರಮ್ಮನನ್ನು ಸ್ಟಿಯರಿಂಗ್ ಮುಂದೆ, ದೊಡ್ಡಮ್ಮನನ್ನು ಅವರ ಜಾಗದಲ್ಲಿ ಕೂರಿಸಿದರು. ನನ್ನನ್ನು ಕಾರಿನ ಹಿಂದೆ ನಿಲ್ಲಿಸಿದರು. "ಟೈಲರಮ್ಮ, ಸುಮ್ನೆ ಸ್ಟಿಯರಿಂಗ್ ತಿರುಗ್ಸಿ. ಕಾಲು ಎಲ್ಲೂ ಇಡ್ಬೇಡಿ."

ಟೈಲರಮ್ಮ ಸ್ಟಿಯರಿಂಗ್ ಹಿಡಿದರು. ದೀಪ ಹತ್ತಿತು. ಕೈ ಬಿಟ್ಟರು, ಆರಿತು. ಮತ್ತೆ ಹಿಡಿದರು, ಹತ್ತಿತು. ಸ್ವಿಚ್ ಸರಿಯಾಗಿಯೇ ಇತ್ತು.

"ಅಕ್ಕಾ, ಎಂಜಿನ್ ಆಫ್ ಇದೆ, ಚಕ್ರಕ್ಕೆ ಕಲ್ಲಿದೆ," ಎಂದರು ಮೇಸ್ತ್ರಿ ಮೆತ್ತಗೆ. "ಎಲ್ಲಿಗೆ ಹೋಗುತ್ತೆ ಅಂತ ಹಿಡ್ಕೊಂಡಿದೀರಿ?"

ದೊಡ್ಡಮ್ಮ ತಮ್ಮ ಕಾಲನ್ನು ನೋಡಿಕೊಂಡರು. ಅದು ಬೇರೆ ಯಾರದೋ ಕಾಲು ಎನ್ನುವಂತೆ ನೋಡಿದರು. ನೋಡುತ್ತಲೇ ಹೇಳಿದರು: "ಹೋದ ವರ್ಷ ನೀರಿನ ಟ್ಯಾಂಕ್ ತಿರುವಲ್ಲಿ ಒಂದು ಚೆಂಡು ಬಂತು, ಹಿಂದೇನೇ ಒಂದು ಮಗು. ಓಡಿಸ್ತಿದ್ದ ಹುಡುಗಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದ್ಲು. ನಾನು ಒತ್ತಿದೆ, ನಿಂತಿತು. ಒಂದು ಗೇಣು ಉಳಿದಿತ್ತು. ಮಗು ಚೆಂಡು ಎತ್ಕೊಂಡು ಹೋಯ್ತು."

"ಆಮೇಲೆ?" ಎಂದರು ಮೇಸ್ತ್ರಿ.

"ಆಮೇಲೇನೂ ಇಲ್ಲ. ಪಾಠ ಮುಗಿಸಿ ಮನೆಗೆ ಬಂದೆ."

ಟೈಲರಮ್ಮ ಬಾಯಿ ತೆರೆದರು. "ಅದಕ್ಕೇನಾ ಈ ಕಾರಿಗೆ ಇಳಿಜಾರಲ್ಲೂ ಸೋಮಾರಿತನ? ನಾನು ಬ್ರೇಕ್ ಹಾಕೋಣ ಅನ್ನೋದ್ರೊಳಗೆ ತಾನೇ ನಿಧಾನ ಆಗೋದು. ಪರೀಕ್ಷೆ ದಿನ ಆಗ್ತಿರಲಿಲ್ಲ. ನನ್ನ ಕಂಡ್ರೆ ಪರೀಕ್ಷಕರ ಕಾರಿಗೆ ಆಗಲ್ಲ ಅಂದ್ಕೊಂಡಿದ್ದೆ." ನಂತರ ದೊಡ್ಡಮ್ಮನ ಮುಖ ನೋಡಿ ದನಿ ಇಳಿಸಿದರು. "ಬಿಡಿ ಮೇಡಂ. ನಾನೂ ಹೊಲಿಗೆ ಕಲಿಸೋವಾಗ ಹುಡುಗಿಯರ ಕೈಯಿಂದ ಬಟ್ಟೆ ಕಿತ್ಕೊಳ್ತೀನಿ."

ಮೇಸ್ತ್ರಿ ಹೊಸ ಡಿಸ್ಕ್ ಹಾಕಲು ಒಪ್ಪಿದರು. ಹಳೆಯದನ್ನು ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಿದರು. ಹೊಸದಕ್ಕೆ ತುಕ್ಕು ಹಿಡಿಯದಂತೆ ಸವರಿದ್ದ ಎಣ್ಣೆಯನ್ನು ನಾನು ತೊಳೆದು ಒರೆಸಿದೆ. ಪ್ಯಾಡ್‌ಗಳೂ ಹೊಸವು. ಚಕ್ರದ ನಟ್ಟುಗಳನ್ನು ಸುತ್ತಲೂ ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಮಾಡಬೇಕು. ಇಲ್ಲದಿದ್ದರೆ ಡಿಸ್ಕ್ ಓರೆ ಕೂರುತ್ತದೆ. ಕಾರು ಕದಲುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಬೇಕು.

"ಹೊಸ ಡಿಸ್ಕು, ಹೊಸ ಪ್ಯಾಡು ಒಂದಕ್ಕೊಂದು ಹೊಂದ್ಕೋಬೇಕು," ಎಂದರು ಮೇಸ್ತ್ರಿ. "ವೇಗ ತಗೊಂಡು, ನಿಧಾನ ಮಾಡಿ, ಪೂರ್ತಿ ಬಿಟ್ಟುಬಿಡಿ. ಬಿಸಿ ಆರಲಿ. ಹತ್ತು ಸಲ ಹೀಗೆ. ಇನ್ನೂರು ಕಿಲೋಮೀಟರ್ ತನಕ ಸುಮ್ ಸುಮ್ನೆ ಹಿಡ್ಕೊಂಡು ಕೂರೋ ಹಾಗಿಲ್ಲ. ಕೇಳಿಸ್ತಾ ಅಕ್ಕಾ?"

"ಕೇಳಿಸ್ತು. ಕಾಲಿಗೆ ಕೇಳಿಸ್ಬೇಕಲ್ಲ."

ಊರಾಚೆಯ ಖಾಲಿ ಮೈದಾನಕ್ಕೆ ಹೋದೆವು. ಟೈಲರಮ್ಮ ಓಡಿಸುವವರು. ದೊಡ್ಡಮ್ಮ ಒಮ್ಮೆ ಸುತ್ತಲೂ ನೋಡಿದರು, ಆಳಿಲ್ಲ, ದನವಿಲ್ಲ. ಚಪ್ಪಲಿ ಕಳಚಿದರು. ಕಾಲು ಮೇಲೆ ಎಳೆದುಕೊಂಡು ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದರು.

ನಾನು ಹೊರಗೆ ಪುಸ್ತಕ ಹಿಡಿದು ನಿಂತೆ. ಕಾರು ನನ್ನನ್ನು ದಾಟಿ ಹೋಯಿತು. ಹಿಂದಿನ ದೀಪ ಕಪ್ಪಗಿತ್ತು. ದೂರದಲ್ಲಿ ಹತ್ತಿತು, ಕಾರು ನಿಧಾನವಾಯಿತು, ದೀಪ ಆರಿತು. ಹತ್ತು ಸಲ ಹತ್ತಿತು, ಹತ್ತು ಸಲ ಆರಿತು. ಕೊನೆಗೆ ನಾನು ನೆಲದಲ್ಲಿ ಎಳೆದಿದ್ದ ಗೆರೆಯ ಮೇಲೆ ಟೈಲರಮ್ಮ ತಾವೇ ಕಾರು ನಿಲ್ಲಿಸಿದರು. ಸ್ಟಿಯರಿಂಗ್ ನಡುಗಲಿಲ್ಲವಂತೆ. ದೊಡ್ಡಮ್ಮ ಇಳಿಯಲು ಹೊತ್ತಾಯಿತು, ಕಾಲು ಜೋಮು ಹಿಡಿದಿತ್ತು.

"ನಿಲ್ತಲ್ಲ," ಎಂದರು ನನ್ನನ್ನು ನೋಡಿ.

"ನಿಲ್ತು ದೊಡ್ಡಮ್ಮ," ಎಂದೆ.

ಈಗ ನೂರಾ ಮೂವತ್ತು ಕಿಲೋಮೀಟರ್ ಆಗಿದೆ. ಬೀದಿಯಲ್ಲಿ ಪಾಠ ಮಾಡುವಾಗ ದೊಡ್ಡಮ್ಮ ಕಾಲನ್ನು ಪೆಡಲಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ, ಮೇಲೆ ಅಲ್ಲ, ಒಮ್ಮೊಮ್ಮೆ ಮರೆಯುತ್ತಾರೆ. ಸೋಮವಾರಕ್ಕೆ ಇನ್ನೂರು ತುಂಬುತ್ತದೆ. ಅಂದು ಬೆಳಿಗ್ಗೆ ನಟ್ಟುಗಳ ಬಿಗಿ ನೋಡಿ, ಸೈಕಲ್ ತೆಗೆದುಕೊಂಡು ಕಾರಿನ ಹಿಂದೆ ಹೋಗಿ, ದೀಪ ಎಷ್ಟು ಸಲ ಹತ್ತಿತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ.