ಕ್ಷಮೆಗೆ ಒಂದು ನಕ್ಷತ್ರ

ನಮ್ಮ ಮನೆಯ ವಾಷಿಂಗ್ ಮೆಷೀನಿನ ಒಳಗೆ ಬಟ್ಟೆಯ ನೂಲುನಾರು ಹಿಡಿಯಲೆಂದು ಒಂದು ಪುಟ್ಟ ಬಲೆಯ ಚೀಲವಿದೆ. ಶನಿವಾರ ಅದನ್ನು ಬಿಚ್ಚಿ ತೊಳೆಯುವುದು ನನ್ನ ಪಾಲಿಗೆ ಬಂದ ಮನೆಗೆಲಸ. ಕಳೆದ ವರ್ಷವಿಡೀ ಆ ಚೀಲದಲ್ಲಿ ನನಗೆ ಸಿಕ್ಕಿದ್ದು ಬಂಗಾರದ ಬಣ್ಣದ ಅಂಟುಕಾಗದದ ನಕ್ಷತ್ರಗಳು. ಒಂದರ ಮೇಲೆ ‘ತಾಳ್ಮೆ’ ಎಂದಿರುತ್ತಿತ್ತು, ಇನ್ನೊಂದರ ಮೇಲೆ ‘ದೀನತೆ’, ಮತ್ತೊಂದು ಸರ್ಫಿನಲ್ಲಿ ಮಿಂದು ಯಾವ ಗುಣವೆಂದು ಗುರುತೇ ಸಿಗದ ಹಾಗೆ ಬಿಳಿಚಿಕೊಂಡಿರುತ್ತಿತ್ತು. ಒಂದು ದಿನವಂತೂ ‘ವಿಧೇಯತೆ’ ನನ್ನ ಕಾಲುಚೀಲದ ಹಿಮ್ಮಡಿಗೆ ಅಂಟಿಕೊಂಡು, ಅದನ್ನು ಬೆಳಗಿನಿಂದ ಸಂಜೆಯವರೆಗೆ ತುಳಿಯುತ್ತಲೇ ನಾನು ಶಿವಮೊಗ್ಗದ ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣಿನ ಗುಣಧರ್ಮದ ಪಾಠ ಮಾಡಿ ಬಂದಿದ್ದೆ.

ಈ ನಕ್ಷತ್ರಗಳೆಲ್ಲ ನನ್ನ ಮಗಳು ನಿರೀಕ್ಷಾಳ ಸಮವಸ್ತ್ರದಿಂದ ಉದುರಿದವು. ಅವಳು ಓದುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ, ನಮ್ಮ ಚರ್ಚ್ ಸಭೆಯ ನಾಲ್ಕಾರು ಕುಟುಂಬಗಳು ಸೇರಿ ಒಂದು ಮಹಡಿಯ ಮೇಲೆ ತೆರೆದ ಚಿಕ್ಕ ಶಾಲೆಯಲ್ಲಿ. ‘ಶಾಸ್ತ್ರೀಯ ಕ್ರೈಸ್ತ ಶಿಕ್ಷಣ’ ಎಂದು ಬೋರ್ಡು. ಅದರ ಕೆಳಗೆ ‘ಇಡೀ ಮಗುವನ್ನು ರೂಪಿಸುತ್ತೇವೆ’ ಎಂಬ ಭರವಸೆ. ಅದನ್ನು ಮೊದಲು ಓದಿದಾಗ ನನಗೆ ನಗು ಬಂದಿತ್ತು. ಅರ್ಧ ಮಗುವನ್ನು ತಂದು ಯಾರಾದರೂ ಶಾಲೆಗೆ ಬಿಡುತ್ತಾರೆಯೇ ಎಂದುಕೊಂಡೆ. ಆಮೇಲೆ ಯೋಚಿಸಿದರೆ ಬಿಡುತ್ತಾರೆ, ದಿನಾ ಬೆಳಿಗ್ಗೆ ಹಳದಿ ಬಸ್ಸುಗಳಲ್ಲಿ ತಲೆಗಳನ್ನು ಮಾತ್ರ ತುಂಬಿ ಕಳಿಸುತ್ತಾರೆ, ಮಿಕ್ಕ ಮಗು ಏನಾಯಿತೆಂದು ಪರೀಕ್ಷೆಯ ಫಲಿತಾಂಶ ಬರುವವರೆಗೆ ಯಾರೂ ಕೇಳುವುದಿಲ್ಲ. ಹಾಗಾಗಿ ನಾವೇ ಇಷ್ಟಪಟ್ಟು, ಶಿವಮೊಗ್ಗದಿಂದ ಅಷ್ಟು ದೂರವಾದರೂ ಪರವಾಗಿಲ್ಲವೆಂದು, ವ್ಯಾನು ಹತ್ತಿಸಿ ಕಳಿಸಿದೆವು.

ಆ ಶಿಕ್ಷಣಕ್ರಮದ ಮೂಲ ವಿಚಾರದ ಮೇಲೆ ನನಗೆ ಸಿಟ್ಟಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಎಳೆಯ ವಯಸ್ಸಿನಲ್ಲಿ ಮಕ್ಕಳಿಗೆ ಬಾಯಿಪಾಠವೆಂದರೆ ಕಬ್ಬು ಜಗಿದಷ್ಟು ಸಂತೋಷ, ಆದ್ದರಿಂದ ಆಗ ಕಂಠಸ್ಥ ಮಾಡಿಸಿ. ತುಸು ಬೆಳೆದು ಎದುರುತ್ತರ ಕೊಡಲು ಶುರುಮಾಡಿದಾಗ ಸಿಡುಕದೆ ಆ ಎದುರುತ್ತರಕ್ಕೇ ತರ್ಕದ ಹದ ಕೊಡಿ. ಮೀಸೆ ಚಿಗುರುವ, ಕನ್ನಡಿ ಬಿಟ್ಟು ಕದಲದ ಕಾಲಕ್ಕೆ ಚೆಂದವಾಗಿ ಮಾತನಾಡುವುದನ್ನು ಕಲಿಸಿ. ಎಲ್ಲಕ್ಕೂ ಮಿಗಿಲಾಗಿ ದೇವರ ಭಯವಿರಲಿ, ಅಷ್ಟೆ. ನಮ್ಮ ಪಕ್ಕದ ಮನೆಯ ಭಟ್ಟರಿಗೆ ಇದನ್ನು ವಿವರಿಸಿದಾಗ ಅವರು, ಇದರಲ್ಲಿ ಹೊಸದೇನಿದೆ, ನನ್ನ ತಂದೆ ನನಗೆ ಬೆತ್ತ ಹಿಡಿದು ಮಾಡಿದ್ದೂ ಇದನ್ನೇ ಎಂದರು. ನನ್ನ ತಾಯಿ ಬೆತ್ತವಿಲ್ಲದೆ ಮಾಡಿದ್ದರು. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸಂಜೆಯ ದೀಪ ಹಾಕಿದೊಡನೆ ನನ್ನನ್ನು ಕೂರಿಸಿಕೊಂಡು ಬೈಬಲಿನ ಕೀರ್ತನೆಗಳನ್ನು ಹೇಳಿಕೊಡುತ್ತಿದ್ದ ಅವರು, ನವುಲೆಗೆ ಬಂದು ನಮ್ಮೊಡನಿದ್ದ ಮೇಲೆ ನಿರೀಕ್ಷಾಳಿಗೂ ಹಾಗೆಯೇ ಹೇಳಿಕೊಟ್ಟರು. ಕಲಿತಿದ್ದಕ್ಕೆ ಅವರು ಬಹುಮಾನವೆಂದು ಏನನ್ನೂ ಕೊಟ್ಟವರಲ್ಲ. ತಪ್ಪಿದರೆ ತಾವೇ ಮುಂದಿನ ಸಾಲು ಹೇಳಿ ಸುಮ್ಮನಾಗುತ್ತಿದ್ದರು.

ನನ್ನ ತಲೆ ಕೆಟ್ಟಿದ್ದು ಶಾಲೆಯವರ ಅತ್ಯುತ್ಸಾಹದಿಂದ. ಲ್ಯಾಟಿನ್ ಕಲಿಸುತ್ತಾರೆ, ಕಲಿಸಲಿ. ಆದರೆ ಸಕ್ರೆಬೈಲಿಗೆ ಪ್ರವಾಸ ಹೋದಾಗ ಮರಿಯಾನೆ ತುಂಗೆಯ ನೀರಿಗಿಳಿದು ಸೊಂಡಿಲೆತ್ತಿ ಕುಣಿಯುತ್ತಿದ್ದರೆ, ದಡದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಆನೆ ಎಂಬ ಶಬ್ದದ ವಿಭಕ್ತಿರೂಪಗಳನ್ನು ಒಪ್ಪಿಸಿಕೊಳ್ಳುವುದೆಂದರೇನು ಮಾರಾಯ್ರೇ? ಚತುರ್ಥೀ ವಿಭಕ್ತಿ ಬರುವಷ್ಟರಲ್ಲಿ ಆನೆ ಮಿಂದೆದ್ದು ಹೊರಟೇಹೋಯಿತಂತೆ. ಇದನ್ನೂ ನಾನು ನುಂಗಿಕೊಂಡೆ. ನುಂಗಲಾರದೆ ಉಳಿದದ್ದು ಈ ನಕ್ಷತ್ರಗಳ ವ್ಯವಹಾರ.

ಶಾಲೆಯ ಮುಖ್ಯಸ್ಥೆ ಪ್ರೇಮಲತಾ ಮೇಡಂ ಒಳ್ಳೆಯವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ಒಂದು ಜಗಳ ಕಾದು ಹಗುರಾಗಬಹುದಿತ್ತು. ಇಡೀ ಮಗುವನ್ನು ರೂಪಿಸುವುದೆಂದ ಮೇಲೆ ಗಣಿತಕ್ಕೆ ಅಂಕ ಕೊಟ್ಟು ಗುಣಕ್ಕೆ ಕೊಡದಿದ್ದರೆ ಹೇಗೆ ಎಂದು ಅವರಿಗೆ ಅನ್ನಿಸಿತು. ತಾಳ್ಮೆಗೊಂದು, ಪ್ರಾಮಾಣಿಕತೆಗೊಂದು, ದೀನತೆಗೊಂದು ನಕ್ಷತ್ರ. ಅತಿ ಹೆಚ್ಚು ದೀನತೆ ಗಳಿಸಿದ ಮಗುವನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಗುವಿನ ತಂದೆ ಎದೆಯುಬ್ಬಿಸಿ ಫೋಟೋ ತೆಗೆಯುತ್ತಿದ್ದದ್ದನ್ನೂ ಕಂಡಿದ್ದೇನೆ. ಕೃಪೆಯೆಂಬುದು ಸಂಪಾದನೆಯಲ್ಲ, ಪುಕ್ಕಟೆ ಬಂದದ್ದು ಎಂದು ಭಾನುವಾರ ಕಣ್ಣು ಮುಚ್ಚಿ ಹಾಡುವ ಜನ ನಾವು, ಸೋಮವಾರ ಬೆಳಗಾದರೆ ಅಂಟುಕಾಗದ ಹಿಡಿದು ನಿಲ್ಲುತ್ತೇವೆ.

ಕ್ಷಮೆಗೂ ನಕ್ಷತ್ರ ಇಟ್ಟಾಗ ವಿಷಯ ಮಿತಿ ಮೀರಿತು. ಒಂದು ಸಂಜೆ ನಿರೀಕ್ಷಾ ಕಂಪಾಸ್ ಬಾಕ್ಸಿನ ಮುಚ್ಚಳ ನೆಗ್ಗಿಸಿಕೊಂಡು, ಒಳಗಿನ ಸ್ಕೇಲು ಎರಡು ತುಂಡಾಗಿ, ಮುಖದ ತುಂಬ ನಗು ಹೊತ್ತು ಬಂದಳು. ಯಾರು ಮುರಿದದ್ದೆಂದು ಕೇಳಿದೆ.

“ಬ್ಯೂಲಾ,” ಎಂದಳು, “ಇವತ್ತು ಅವಳ ಸರದಿ ಅಪ್ಪ. ನಾಳೆ ನಾನು ಅವಳ ಬಾಟ್ಲಿ ನೀರು ಚೆಲ್ತೀನಿ, ಅವಳು ಕ್ಷಮಿಸ್ತಾಳೆ.”

ಬ್ಯೂಲಾ ಅವಳ ಪ್ರಾಣಸ್ನೇಹಿತೆ; ಇಬ್ಬರೂ ಐದನೆಯ ತರಗತಿ, ಒಂದೇ ವ್ಯಾನು, ಒಂದೇ ಸೀಟು. ಕ್ಷಮಿಸಬೇಕಾದರೆ ಯಾರಾದರೂ ತಪ್ಪು ಮಾಡಬೇಕಲ್ಲ, ಅದಕ್ಕೆ ಮಕ್ಕಳು ಪಾಳಿ ಹಾಕಿಕೊಂಡಿದ್ದವು. ತರ್ಕಶಾಸ್ತ್ರ ಕಲಿಸಿದ್ದು ವ್ಯರ್ಥವಾಗಲಿಲ್ಲ ನೋಡಿ. ಮರುದಿನವೇ ನಾನು ಭದ್ರಾವತಿಗೆ ಹೋಗಿ ಮೇಡಂ ಎದುರು ತಲೆ ಚಚ್ಚಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ, “ಅಭ್ಯಾಸ ಆಗ್ಲಿ ಬಿಡಿ ಸರ್. ಮೊದ್ಲು ಬಾಯಿಗೆ ಬರತ್ತೆ, ಆಮೇಲೆ ಮನಸ್ಸಿಗೆ ಇಳಿಯತ್ತೆ,” ಎಂದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ಸೇರಿಸಿದರು. ಆ ಮಾತಿನಲ್ಲಿ ಅರ್ಧ ನಿಜವಿದೆಯೆಂದು ನನಗೂ ಗೊತ್ತು, ನನ್ನ ಕೀರ್ತನೆಗಳೂ ಹಾಗೆಯೇ ಬಾಯಿಂದ ಒಳಗಿಳಿದಂಥವು; ಆದ್ದರಿಂದ ಇನ್ನಷ್ಟು ಉರಿದುಕೊಂಡು ಮನೆಯ ದಾರಿ ಹಿಡಿದೆ. ಗಿಡವನ್ನು ಬಗ್ಗಿಸುವವರು ಬೇರಿಗೆ ನೀರು ಮುಟ್ಟಿದೆಯೇ ಎಂದೂ ನೋಡಬೇಕಲ್ಲವೇ ಎಂಬುದು ಹೊಳೆದಿದ್ದು ಬೈಪಾಸು ದಾಟಿದ ಮೇಲೆ.

ಇನ್ನು ಹೇಳಲಿರುವುದು ನನಗೆ ಬಹಳ ತಡವಾಗಿ ತಿಳಿದದ್ದು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅದೇ ವರ್ಷ ನನ್ನ ತಾಯಿ ಹಾಸಿಗೆ ಹಿಡಿದರು. ಸಭೆಯವರು ದಿನಾ ಸಂಜೆ ಮನೆಗೆ ಬಂದು ಅವರ ಮಂಚದ ಸುತ್ತ ನಿಂತು ಪ್ರಾರ್ಥಿಸುತ್ತಿದ್ದರು. ನಿರೀಕ್ಷಾ ಅಜ್ಜಿಯ ಕಾಲ ಬಳಿ ನಿಂತು ಕೈ ಜೋಡಿಸುತ್ತಿದ್ದಳು. ಆದರೆ ಅವಳು ಪ್ರಾರ್ಥಿಸುತ್ತಿರಲಿಲ್ಲ. ಇಷ್ಟು ಜನ ಇಷ್ಟು ಸಲ ಕೇಳಿದರೂ ಕೊಡದ ದೇವರ ಮೇಲೆ ಅವಳಿಗೆ ವಿಪರೀತ ಸಿಟ್ಟು, ಬರಿದೆ ತುಟಿ ಆಡಿಸುತ್ತಿದ್ದಳು. ಅಜ್ಜಿ ತೀರಿಕೊಂಡರು. ತಾನು ನಿಜವಾಗಿ ಪ್ರಾರ್ಥಿಸಿದ್ದರೆ ಅಜ್ಜಿ ಉಳಿಯುತ್ತಿದ್ದರೇನೋ, ತನ್ನ ಮೋಸ ತಿಳಿದು ನೊಂದುಕೊಂಡೇ ಹೋದರೇನೋ ಎಂಬ ಭಾರವನ್ನು ಆ ಪುಟ್ಟ ಜೀವ ಯಾರಿಗೂ ಹೇಳದೆ ಹೊತ್ತುಕೊಂಡು, ಕೊನೆಗೊಂದು ದಿನ ವ್ಯಾನಿನಲ್ಲಿ ಬ್ಯೂಲಾಳ ಕಿವಿಯಲ್ಲಿ ಹೇಳಿತು. ಬ್ಯೂಲಾಳಿಗೆ ಆ ವಾರ ಪ್ರಾಮಾಣಿಕತೆಯ ನಕ್ಷತ್ರ ಸಿಕ್ಕಿರಲಿಲ್ಲ. ಅವಳು ಹೋಗಿ ಟೀಚರಿಗೆ ಹೇಳಿದಳು, ನಕ್ಷತ್ರ ಸಿಕ್ಕಿತು. ಟೀಚರು ಬೆಳಗಿನ ಆರಾಧನೆಯಲ್ಲಿ, ‘ನಮ್ಮಲ್ಲೊಬ್ಬಳ ಕಠಿಣ ಹೃದಯ’ಕ್ಕಾಗಿ ತರಗತಿಯಿಂದ ಪ್ರಾರ್ಥನೆ ಮಾಡಿಸಿದರು. ಹೆಸರು ಹೇಳಲಿಲ್ಲವಂತೆ, ಎಂಥ ಸೂಕ್ಷ್ಮ! ಬೆರಳೆಣಿಕೆಯ ಮಕ್ಕಳಿರುವ ತರಗತಿಯಲ್ಲಿ ಎಲ್ಲರೂ ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದರು.

ನಮಗೆ ಕಂಡದ್ದಿಷ್ಟೇ: ಹುಡುಗಿ ವ್ಯಾನಿನಲ್ಲಿ ಡ್ರೈವರ್ ಪಕ್ಕ ಕೂರತೊಡಗಿದಳು, ಮನೆಯ ಪ್ರಾರ್ಥನೆಯಲ್ಲಿ ಬಾಯಿ ಬಿಡಲೊಲ್ಲಳು, ಕೇಳಿದರೆ ಏನಿಲ್ಲ ಎನ್ನುತ್ತಾಳೆ. ಶಾಲೆಗೆ ಫೋನು ಮಾಡಿದರೆ ಸ್ನೇಹಿತೆಯರಲ್ಲಿ ಸಣ್ಣ ಮನಸ್ತಾಪ, ನಾವು ಸರಿಮಾಡುತ್ತೇವೆ ಎಂದರು. ಸರಿಮಾಡಿದ ರೀತಿಯನ್ನು ಕೇಳಿ. ವಾರ್ಷಿಕೋತ್ಸವದಲ್ಲಿ ಎಲ್ಲ ಪೋಷಕರ ಮುಂದೆ ಬ್ಯೂಲಾ ಕ್ಷಮೆ ಕೇಳುವುದು, ನಿರೀಕ್ಷಾ ಕ್ಷಮಿಸುವುದು. ಇಬ್ಬರಿಗೂ ಪೀಠಿಕೆ, ನಡು, ಮುಕ್ತಾಯಗಳುಳ್ಳ ಭಾಷಣವನ್ನು ಮೇಡಮ್ಮೇ ಬರೆದುಕೊಟ್ಟಿದ್ದರು. ನಿರೀಕ್ಷಾ ತನ್ನ ಪಾಲಿನದನ್ನು ಒಂದೇ ಸಂಜೆಯಲ್ಲಿ ಕಲಿತು, ಗೋಡೆ ನೋಡುತ್ತ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಅದನ್ನು ಕೇಳುತ್ತಿದ್ದ ನನ್ನ ಹೆಂಡತಿ ಸುನೀತಾಳಿಗೆ ತಡೆಯಲಾಗಲಿಲ್ಲ, ಈ ನಾಟಕಕ್ಕೆ ಹೋಗುವುದೇ ಬೇಡ ಎಂದಳು. ಬರುತ್ತೇನೆಂದು ಹೇಳಿದ್ದೇನೆ, ಹೋಗಲೇಬೇಕು ಎಂದವಳು ಮಗಳೇ.

ಹೋದೆವು. ಓಲ್ಡ್ ಟೌನಿನ ಬಾಡಿಗೆ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ಗುಂಯ್‌ಗುಡುವ ಮೈಕು. ಚಿಕ್ಕ ಮಕ್ಕಳು ಲ್ಯಾಟಿನಿನಲ್ಲಿ ಹಾಡಿದರು, ಅಜ್ಜಿಯರು ಅರ್ಥವಾದವರಂತೆ ತಲೆದೂಗಿದರು. ನಂತರ ಬ್ಯೂಲಾ ಬಂದು ಪೀಠಿಕೆ ಮುಗಿಸಿ, ನಡುವಿನಲ್ಲಿ ಮಾತು ಮರೆತು, ನಿರೀಕ್ಷಾಳ ಮುಖ ನೋಡಿ ನಿಜವಾಗಿಯೇ ಅಳತೊಡಗಿದಳು. ನಿರೀಕ್ಷಾ ಮೈಕಿನ ಮುಂದೆ ಬಂದು ಸುಮ್ಮನೆ ನಿಂತಳು. ಪರದೆಯ ಹಿಂದಿನಿಂದ ಮೇಡಂ, ಮರೆತಿರಬೇಕೆಂದು, ಮೊದಲ ಸಾಲನ್ನು ಪಿಸುಗುಟ್ಟಿದರು.

“ಪಾಠ ಬರತ್ತೆ ಮೇಡಂ,” ಎಂದಳು ನಿರೀಕ್ಷಾ, ಮೈಕಿನಲ್ಲೇ. “ಆದ್ರೆ ಕ್ಷಮಿಸೋಕೆ ನಂಗೆ ಇನ್ನೂ ಆಗಿಲ್ಲ.” ಆಮೇಲೆ ಬ್ಯೂಲಾಳ ಕಡೆ ತಿರುಗಿ, “ಸೋಮವಾರ ವ್ಯಾನಲ್ಲಿ ಬೇಕಾದ್ರೆ ನನ್ ಪಕ್ಕ ಕೂತ್ಕೋ,” ಎಂದು ಇಳಿದುಬಂದಳು.

ಇಷ್ಟು ವರ್ಷದ ಶಾಸ್ತ್ರೀಯ ಶಿಕ್ಷಣದಲ್ಲಿ ಇಡೀ ಮಗುವೊಂದು ವೇದಿಕೆಯ ಮೇಲೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ನನ್ನ ಹಿಂದಿನ ಸಾಲಿನ ಹಿರಿಯರೊಬ್ಬರು, ಪಕ್ಕದವರಿಗೆ, ಈ ಹುಡುಗಿಗೆ ಪ್ರಾಮಾಣಿಕತೆಯ ಸ್ಟಾರ್ ಕೊಡಲೇಬೇಕು ಎಂದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ! ಎದ್ದು ಏನಾದರೂ ಅಂದೇಬಿಡುತ್ತಿದ್ದೆನೋ ಏನೋ, ಸುನೀತಾ ನನ್ನ ಅಂಗಿಯ ತೋಳು ಹಿಡಿದಿದ್ದಳು. ಮೇಡಂ ಮಾತ್ರ ನಕ್ಷತ್ರದ ಮಾತೆತ್ತಲಿಲ್ಲ. ಪರದೆಯ ಹಿಂದಿನಿಂದ ಬಂದವರೇ ಬ್ಯೂಲಾಳನ್ನು ತಬ್ಬಿಕೊಂಡು, ಉಳಿದ ಕಾರ್ಯಕ್ರಮವನ್ನು ಬೇರೆ ಟೀಚರಿಗೆ ಒಪ್ಪಿಸಿ, ಆ ಮಗುವಿನೊಡನೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಂದು ಅವರ ಮೇಲಿನ ಸಿಟ್ಟು ನನಗೆ ಅರ್ಧ ಇಳಿಯಿತು.

ಕಾರಿನಲ್ಲಿ ಶಿವಮೊಗ್ಗದ ಕಡೆ ಹೊರಟಾಗ ನಿರೀಕ್ಷಾ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತಿದ್ದಳು. ಹೊಳೆ ದಾಟಿ ಊರು ಮುಗಿದ ಮೇಲೆ ತಾನಾಗಿಯೇ ಎಲ್ಲವನ್ನೂ ಹೇಳಿದಳು. ಮಂಚದ ಸುತ್ತಿನ ಪ್ರಾರ್ಥನೆ, ತನ್ನ ಸಿಟ್ಟು, ವ್ಯಾನು, ತರಗತಿ, ನಾನು ನಿಮಗೆ ಮೊದಲೇ ಹೇಳಿದ್ದೆಲ್ಲವನ್ನೂ. ಸ್ಟಿಯರಿಂಗ್ ಹಿಡಿದ ನನಗೆ ತೋಚಿದ್ದು ಒಂದೊಂದೂ ಉಪದೇಶದಂತೆಯೇ ಇತ್ತು. ದೇವರು ನಮ್ಮ ತುಟಿಯನ್ನು ನೋಡುವುದಿಲ್ಲ ಎಂದು ಶುರುಮಾಡೋಣವೇ, ಸಾವು ಯಾರ ಕೈಯಲ್ಲೂ ಇಲ್ಲ ಎಂದು ಶುರುಮಾಡೋಣವೇ ಎಂದು ಪೀಠಿಕೆ ಹುಡುಕುತ್ತಿದ್ದೆ, ನಾನೂ ಅದೇ ಶಾಲೆಯವನಾದೆನಲ್ಲ ಎಂದು ನನ್ನ ಮೇಲೇ ರೇಗಿತು.

“ಅಜ್ಜಿಗೆ ಗೊತ್ತಿತ್ತಾ ಅಮ್ಮ?” ಎಂದು ಕೇಳಿದಳು ನಿರೀಕ್ಷಾ.

“ಗೊತ್ತಿತ್ತು,” ಎಂದಳು ಸುನೀತಾ.

ನಾನು ಗಾಬರಿಯಿಂದ ಕನ್ನಡಿಯಲ್ಲಿ ನೋಡಿದೆ. ಆದರೆ ಸುನೀತಾ ಸುಳ್ಳು ಹೇಳುವವಳಲ್ಲ, ಮಗುವನ್ನು ಸಮಾಧಾನ ಮಾಡಲೆಂದೂ ಹೇಳುವವಳಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಔಷಧಿ ಕುಡಿಸುತ್ತಿದ್ದಾಗ ಅಜ್ಜಿ ಅವಳನ್ನು ಹತ್ತಿರ ಕರೆದಿದ್ದರಂತೆ. ಕಾಯಿಲೆಯವರ ಮಾತೆಂದು, ಮಗಳ ಮನಸ್ಸಿನಲ್ಲಿ ಇಷ್ಟೆಲ್ಲ ನಡೆದಿದೆಯೆಂದು ತಿಳಿಯದೆ, ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಅಜ್ಜಿ ಹೇಳಿದ ಹಾಗೆಯೇ ಹೇಳಿದಳು.

“‘ಮಗು ಬರೀ ತುಟಿ ಆಡಿಸ್ತಿದೆ ಕಣಮ್ಮ, ನಾನು ನೋಡ್ದೆ. ಸಿಟ್ಟು ಬಂದಿದೆ ಅದಕ್ಕೆ. ಏನೂ ಅನ್ಬೇಡ. ನನ್ನ ಮೇಲಿನ ಪ್ರೀತಿಗೇ ಅಲ್ವಾ ಆ ಸಿಟ್ಟು? ಅದರ ಪಾಲಿಂದೂ ನಾನೇ ಪ್ರಾರ್ಥನೆ ಮಾಡ್ತಿದೀನಿ.’ ಹೀಗಂದ್ರು ಅಜ್ಜಿ.”

ಎಂಥೆಂಥ ಉದ್ದನೆಯ ಪಾಠವನ್ನೂ ಒಮ್ಮೆ ಕೇಳಿದರೆ ಸಾಕು, ಮರಳಿ ಒಪ್ಪಿಸಿಬಿಡುವ ನನ್ನ ಮಗಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಅಜ್ಜಿ ಹೋದಾಗಿನಿಂದ ಅಳದಿದ್ದವಳು ಅಳುತ್ತ, “ಇನ್ನೊಂದ್ಸಲ ಹೇಳಮ್ಮ,” ಎಂದಳು.

ಸುನೀತಾ ಇನ್ನೊಂದು ಸಲ ಹೇಳಿದಳು.