ಮ್ಯಾಮ್ಮಿಯ ಫೋಟೋ ತೆಗೆದ ತೈನಾ

ಲೊಯ್ಮಾ ಪಟ್ಟಣದ ಕನ್ನಡಕದಂಗಡಿ ಬಾಗಿಲು ಹಾಕಿದಾಗ ತೈನಾಳ ವಯಸ್ಸು ಐವತ್ತರ ಹತ್ತಿರ. ಅಲ್ಲಿಯವರೆಗೆ ಅವಳು ಮಾಡಿಕೊಂಡು ಬಂದ ಕೆಲಸವೆಂದರೆ, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸಿ, ಸ್ವಲ್ಪ ಹಿಂದೆ ಸರಿದು, "ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎನ್ನುವುದು. ಒಪ್ಪದ ಮುಖಕ್ಕೂ ಅದನ್ನೇ ಹೇಳುತ್ತಿದ್ದಳು. ಅಂಥವಳ ಮುಂದೆ ಈಗ ಯಾರೋ ಬಂದು ಅದೇ ಮಾತು ಹೇಳಿದರೆ ನಂಬಬಾರದಿತ್ತು. ನಂಬಿಬಿಟ್ಟಳು. ಅವಳು ಮನೆಯಲ್ಲಿ ಮಾಡಿದ ದಾಲ್ಚಿನ್ನಿ ಬನ್ನಿನ ಫೋಟೋ ನೋಡಿ ಚಿಕ್ಕಮ್ಮನ ಮಗಳು ಫೋನಿನಲ್ಲಿ, "ಅಯ್ಯೋ, ಪತ್ರಿಕೆಯಲ್ಲಿ ಬರೋ ಹಾಗಿದೆ ಕಣೇ!" ಎಂದು ಬರೆದಳು. ಆ ಮಹಾತಾಯಿ ನಾಯಿಮರಿ, ಹೊಸ ಪರದೆ, ಪಕ್ಕದ ಮನೆಯ ಮಗು ಎಲ್ಲದಕ್ಕೂ ಹಾಗೇ ಬರೆಯುತ್ತಾಳೆಂದು ತೈನಾಳಿಗೆ ತಿಳಿಯುವಷ್ಟರಲ್ಲಿ ಕ್ಯಾಮೆರಾ ಮನೆಗೆ ಬಂದಾಗಿತ್ತು.

"ಇನ್ನು ಮೇಲೆ ನಾನು ಮನೆಯಲ್ಲೇ ಕೂತು ಊಟ ತಿಂಡಿಗಳ ಫೋಟೋ ತೆಗೀತೀನಿ," ಎಂದು ಗಂಡನಿಗೆ ಹೇಳಿದಳು.

ಇಲ್ಪೊ ಊರಿನ ಬಸ್ಸು ಓಡಿಸುವವನು. ಮಾತು ಕಡಿಮೆ. ತುಂಬ ಹೊತ್ತು ಯೋಚಿಸಿ, "ಆಮೇಲೆ ತಿನ್ನಬಹುದಾ?" ಎಂದು ಕೇಳಿದ.

ತಿನ್ನಬಹುದಿತ್ತು, ಆದರೆ ಆರಿದ ಮೇಲೆ. ಆ ಚಳಿಗಾಲದಲ್ಲಿ ಆ ಮನೆಯಲ್ಲಿ ಬಿಸಿ ಊಟವೆಂಬುದೇ ಇರಲಿಲ್ಲ. ಸಾಲ್ಮನ್ ಮೀನಿನ ಸಾರು ಕೆನೆಗಟ್ಟುವವರೆಗೆ ಪೋಸು ಕೊಟ್ಟು, ತಣ್ಣಗಾಗಿ ಮೇಜಿಗೆ ಬರುತ್ತಿತ್ತು. ಮಾಂಸದ ಉಂಡೆಗಳು ಹೊಳೆಯಲೆಂದು ಅವಳು ಕುಂಚದಿಂದ ಎಣ್ಣೆ ಬಳಿಯುತ್ತಿದ್ದಳು. ಬಾಯಿಗಿಟ್ಟರೆ ಜಾರಿ ಗಂಟಲಿಗೇ ಹೋಗುತ್ತಿದ್ದವು. ಸಬ್ಬಸಿಗೆ ಎಲೆಯನ್ನು ಚಿಮಟದಿಂದ ಒಂದೊಂದಾಗಿ ಜೋಡಿಸುವ ಅವಳನ್ನು ನೋಡಿ ಅತ್ತೆ ಹಿಲ್ಕಾ, "ನನ್ನ ಮಗನ ಹುಬ್ಬನ್ನೂ ಒಂದ್ಸಲ ಹೀಗೇ ತೀಡು ತಾಯಿ, ಅದೂ ಕೆದರಿದೆ," ಎಂದಳು.

ನಿಜವಾದ ತೊಂದರೆ ಬೆಳಕಿನದು. ಅಡುಗೆಮನೆಯ ಕಿಟಕಿಗೆ ಸ್ಪ್ರೂಸ್ ಮರ ಅಡ್ಡ. ಆ ಉತ್ತರದ ನಾಡಿನಲ್ಲಿ ಡಿಸೆಂಬರ್ ಬಂದರೆ ಹೊತ್ತು ಹುಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ ಮುಳುಗಿಬಿಡುತ್ತದೆ. ಇದ್ದಷ್ಟು ಬೆಳಕು ಬೀಳುತ್ತಿದ್ದುದು ಮಲಗುವ ಕೋಣೆಯಲ್ಲಿ ಮಾತ್ರ. ಅಲ್ಲಿ ಮೇಜಿಗೆ ಜಾಗವಿಲ್ಲದ್ದರಿಂದ ಇಸ್ತ್ರಿ ಮಾಡುವ ಹಲಗೆಯನ್ನೇ ಕಿಟಕಿಗೆ ಒತ್ತಿ ನಿಲ್ಲಿಸಿ, ಮೇಲೊಂದು ಹಳೇ ಬಾಗಿಲ ಹಲಗೆ ಇಟ್ಟು, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಳು. ಬೆಳಗಿನ ಜಾವ ಮೊದಲ ಬಸ್ಸು ಓಡಿಸಿ ಬರುವ ಇಲ್ಪೊ ನಿದ್ದೆ ಮಾಡುವುದೂ ಅದೇ ಕೋಣೆಯಲ್ಲಿ, ಸೂರ್ಯ ಮುಖ ತೋರಿಸುವ ಅದೇ ಹೊತ್ತಿನಲ್ಲಿ.

"ಗೊರಕೆ ಹೊಡೀಬೇಡ, ಹಲಗೆ ಅಲ್ಲಾಡುತ್ತೆ."

"ನನ್ನ ಗೊರಕೆ ಫೋಟೋದಲ್ಲಿ ಬೀಳುತ್ತಾ?"

"ಸಾರಿನಲ್ಲಿ ಅಲೆ ಏಳುತ್ತೆ ಮಾರಾಯ!"

ಹೀಗೆ ಎರಡು ತಿಂಗಳು ಕಳೆದರೂ ಯಾರೂ ಅವಳನ್ನು ಕರೆಯಲಿಲ್ಲ. ಕೊನೆಗೆ ಕರೆದವನು ಬೇಕರಿಯ ತೋರ್ಸ್ತಿ. ಬಿಳಿ ಮೀಸೆಯ ದೊಡ್ಡ ದೇಹದವನು; ಹಿಟ್ಟು ಯಾವುದು ಮೀಸೆ ಯಾವುದು ಹೇಳುವುದು ಕಷ್ಟ. ತೈನಾಳಿಗೆ ಹಿಗ್ಗು. ಮನಸ್ಸಿನಲ್ಲೇ ಸ್ಟ್ರಾಬೆರಿ ಕೇಕು, ಬಾದಾಮಿ ಬನ್ನುಗಳನ್ನು ಜೋಡಿಸಿಕೊಂಡು ಓಡಿದಳು.

"ಈಸ್ಟರಿಗೆ ಅಂಗಡಿ ಗಾಜಿಗೆ ಅಂಟಿಸೋಕೆ ದೊಡ್ಡ ಫೋಟೋ ಬೇಕಮ್ಮಾ," ಎಂದ ತೋರ್ಸ್ತಿ. "ಮ್ಯಾಮ್ಮಿದು."

ಅವಳ ಮುಖ ಇಳಿಯಿತು. ರೈ ಧಾನ್ಯದ ಹಿಟ್ಟು, ಮೊಳಕೆ ಕಾಳಿನ ಪುಡಿ ಕದಡಿ ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಮ್ಯಾಮ್ಮಿ ಎಂಬ ಈ ಸಿಹಿಗೆ ರುಚಿಯೇನೋ ಇದೆ, ರೂಪ ಮಾತ್ರ ದೇವರಿಗೇ ಪ್ರೀತಿ. ರಸ್ತೆಗೆ ಡಾಂಬರು ಹಾಕುವವರು ಮಿಕ್ಕಿದ್ದನ್ನು ಡಬ್ಬಿಗೆ ತುಂಬಿ ಕೊಟ್ಟರೆ ಹೇಗೋ ಹಾಗೆ. ಪ್ರಪಂಚದಲ್ಲಿ ಫೋಟೋ ತೆಗೆಯಲು ಎಷ್ಟೊಂದು ತಿನಿಸುಗಳಿದ್ದವು! ಆದರೂ, "ಓಹೋ, ಮ್ಯಾಮ್ಮಿ ನನಗೆ ಭಾರೀ ಇಷ್ಟದ ವಿಷಯ," ಎಂದು ಅವಳ ಬಾಯಿ ಹೇಳಿಬಿಟ್ಟಿತು. ಕನ್ನಡಕದಂಗಡಿಯ ಚಾಳಿ.

ಬಿಳಿ ತಟ್ಟೆಯಲ್ಲಿಟ್ಟರೆ ಏನೋ ಅನಾಹುತ ನಡೆದಂತೆ ಕಂಡಿತು. ಗಾಜಿನ ಬಟ್ಟಲಲ್ಲಿಟ್ಟರೆ ಆಸ್ಪತ್ರೆಗೆ ಪರೀಕ್ಷೆಗೆ ಒಯ್ಯುವ ವಸ್ತುವಾಯಿತು. ಹಳದಿ ಹೂ ಸಿಕ್ಕಿಸಿದಾಗ ಹಿಲ್ಕಾ ನೋಡಿ, "ಯಾರು ಹೋಗಿಬಿಟ್ಟರು?" ಎಂದಳು. ಆಮೇಲೆ ಪಾಪವೆನಿಸಿ, ತನ್ನ ಮದುವೆಯ ಬೆಳ್ಳಿ ಚಮಚ ತಂದುಕೊಟ್ಟಳು. ತೈನಾ ಅದನ್ನು ಫಳಫಳ ತಿಕ್ಕಿ, ಬಟ್ಟಲಿಗೆ ಒರಗಿಸಿ ಕವುಚಿಟ್ಟು, ಮ್ಯಾಮ್ಮಿಯ ಮೇಲೆ ಕೆನೆ ಸುರಿದಳು. ಆಗಲೇ ಕಿಟಕಿಯಲ್ಲಿ ಬಿಸಿಲು ಬಂತು. ಕರಿ ಮ್ಯಾಮ್ಮಿ ರೇಷ್ಮೆಯಂತೆ ಮಿನುಗಿತು, ಅದರ ಮೇಲೆ ಕೆನೆ ಹೊಳೆಯಂತೆ ಹರಿಯಿತು. ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಹಿಂದೆ ಮಂಚದ ಮೇಲೆ ಇಲ್ಪೊ ಮಗ್ಗುಲು ಬದಲಿಸಿದ.

ತೋರ್ಸ್ತಿಗೆ ಕಣ್ಣು ತುಂಬಿ ಬಂತು. "ನಮ್ಮಪ್ಪ ಇದನ್ನ ನೋಡಬೇಕಿತ್ತು," ಎಂದ. ಆಳೆತ್ತರದ ಫೋಟೋ ಬೇಕರಿಯ ಗಾಜಿನ ಮೇಲೆ ಬಂತು, ಸರಿಯಾಗಿ ಬಸ್ ನಿಲ್ದಾಣದ ಎದುರಿಗೆ. ಅದರಡಿ ತೈನಾಳ ಹೆಸರೂ ಇತ್ತು. ಅವಳು ಮೊಸರು ಬೇಕಿಲ್ಲದಿದ್ದರೂ ಆ ದಾರಿಯಲ್ಲಿ ಮೊಸರು ತರಲು ಹೋದಳು, ಮರುದಿನವೂ ಹೋದಳು. ಜನ ಫೋಟೋ ಮುಂದೆ ಗುಂಪು ಕಟ್ಟಿ ನಿಂತಿದ್ದರು, ಬಗ್ಗಿ ಬಗ್ಗಿ ನೋಡುತ್ತಿದ್ದರು. ಕಲೆಯ ಶಕ್ತಿ ಎಂದುಕೊಂಡಳು.

ಸಂಜೆ ಇಲ್ಪೊ ಕೆಂಪಗಾಗಿ ಮನೆಗೆ ಬಂದ. "ಬಸ್ಸು ಹತ್ತಿದೋರೆಲ್ಲ ನನ್ನನ್ನ ಒಂದೇ ಮಾತು ಕೇಳ್ತಿದಾರೆ. 'ಇವತ್ತು ಪ್ಯಾಂಟು ಹಾಕ್ಕೊಂಡು ಬಂದಿದೀಯಾ ಇಲ್ಪೊ?' ಅಂತ. ಏನೇ ಇದು?"

ತೈನಾ ಫೋಟೋ ತೆರೆದು ಹಿಗ್ಗಿಸಿದಳು. ಚಮಚದ ಬೆನ್ನಿನಲ್ಲಿ ಕಿಟಕಿ ಇತ್ತು. ಕಿಟಕಿಯ ಪಕ್ಕ ತಲೆಗೆ ರೋಲರ್ ಸುತ್ತಿಕೊಂಡು ಕಪ್ಪೆಯಂತೆ ಕುಕ್ಕರುಗಾಲಲ್ಲಿದ್ದ ಅವಳಿದ್ದಳು. ಹಿಂದೆ ಉಣ್ಣೆಯ ಉದ್ದನೆ ಒಳಚಡ್ಡಿಯಲ್ಲಿ, ಬಾಯಿ ತೆರೆದು, ಒಂದು ಕಾಲು ಗೋಡೆಗೆ ಆನಿಸಿ ಮಲಗಿದ್ದ ಇಲ್ಪೊ ಇದ್ದ. ಅಷ್ಟು ವರ್ಷ ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡಿದವಳಿಗೆ ತನ್ನ ಗಂಡ ಕಂಡಿರಲಿಲ್ಲ.

ಇಲ್ಪೊ ಬಹಳ ಹೊತ್ತು ನೋಡಿದ. "ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯಾ?"

"ಇಲ್ಲ, ಚಮಚ ಹಾಗೆ ತೋರಿಸುತ್ತೆ."

"ಹಾಗಾದ್ರೆ ಚಮಚದ್ದೇ ತಪ್ಪು," ಎಂದು ಆಲೂಗಡ್ಡೆ ಸುಲಿಯಲು ಹೋದ.

ತೈನಾಳಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೆಳಗಾಗುತ್ತಲೇ ಬೇಕರಿಗೆ ಹೋಗಿ, ಫೋಟೋ ಕಿತ್ತುಹಾಕಿ ಎಂದು ಬೇಡಿಕೊಂಡಳು. ತೋರ್ಸ್ತಿ ಇನ್ನೂ ನೋಡಿಯೇ ಇರಲಿಲ್ಲ. ಮೂಗಿನ ಮೇಲೆ ಅವಳೇ ಮಾರಿದ್ದ ಕನ್ನಡಕ. ಅವಳು ಬೆರಳಿಟ್ಟು ತೋರಿಸಿದ ಮೇಲೆ ಗಲ್ಲದ ಮೇಲಿನ ಹಿಟ್ಟು ಉದುರುವಂತೆ ನಕ್ಕ. "ಕೀಳೋದಾ? ಹತ್ತು ವರ್ಷದಲ್ಲಿ ಇಷ್ಟು ಮ್ಯಾಮ್ಮಿ ಹೋಗಿರಲಿಲ್ಲ ಕಣಮ್ಮಾ!" ಆದರೂ ಅವಳ ಮುಖ ನೋಡಿ ಕನಿಕರಿಸಿ ಚಮಚದ ಮೇಲೆ ದುಂಡಗಿನ ಹಳದಿ ಚೀಟಿ ಅಂಟಿಸಿದ. ಮುಚ್ಚಿಟ್ಟಿದ್ದಾರೆಂದು ಗೊತ್ತಾದ ಮೇಲೆ ನೋಡದೆ ಇದ್ದವರೂ ಬಂದರು. ಮಧ್ಯಾಹ್ನದೊಳಗೆ ಯಾರೋ ಉಗುರಲ್ಲಿ ಕೆರೆದು ಕಿತ್ತುಬಿಟ್ಟರು.

ಕ್ಯಾಮೆರಾ ಮಾರಿಬಿಡುತ್ತೇನೆಂದು ಅವಳು ಹಟ ಹಿಡಿದಾಗ ಹಿಲ್ಕಾ ಬೈದಳು. "ಇಷ್ಟು ತಣ್ಣಗಿನ ಊಟ ತಿಂದಿದ್ದು ಪುಕ್ಕಟೆಗಾ? ಸುಮ್ಮನೆ ತೆಗಿ. ಮೊದಲು ಹಿಂದೆ ತಿರುಗಿ ನೋಡು, ಆಮೇಲೆ ತೆಗಿ."

ಈಸ್ಟರ್ ಮುಗಿದ ಮೇಲೆ ಮಾಂಸದಂಗಡಿಯವರು ಕರೆದರು, ಆಮೇಲೆ ಚರ್ಚಿನ ಅಡುಗೆಯವರು. ಇಲ್ಪೊ ಹಗಲು ನಿದ್ದೆಯನ್ನು ಸೌನಾ ಎಂಬ ಹಬೆಸ್ನಾನದ ಕೋಣೆಯ ಬೆಂಚಿಗೆ ಬದಲಾಯಿಸಿದ. ಬೇಸಿಗೆ ಬಂತು, ಸೂರ್ಯ ಮುಳುಗುವುದನ್ನೇ ಮರೆತ. ಇನ್ನು ನನ್ನನ್ನು ತಡೆಯುವವರಿಲ್ಲವೆಂದು ತೈನಾ ದಿನವಿಡೀ ಫೋಟೋ ತೆಗೆದಳು. ಅವು ಚಳಿಗಾಲದಲ್ಲಿ ಬಂದಷ್ಟೇ ಕೆಟ್ಟದಾಗಿ ಬಂದವು. ಅಷ್ಟು ದಿನ ಬೆಳಕನ್ನು ಬೈದದ್ದು ವ್ಯರ್ಥವಾಗಿತ್ತು. ಬೇರೆ ದಾರಿ ಕಾಣದೆ ಫೋಟೋ ತೆಗೆಯುವುದನ್ನು ಕಲಿಯಲು ಕೂತಳು.

ಹೊಸ ಆಲೂಗಡ್ಡೆಯ ಕಾಲದಲ್ಲಿ ಒಬ್ಬ ರೈತನ ಜಾಹೀರಾತಿಗಾಗಿ ತಟ್ಟೆ ಜೋಡಿಸಿ, ಬೆಣ್ಣೆ ಹಾಕಿ, ಕ್ಯಾಮೆರಾ ತರಲು ಒಳಹೋದಳು. ಬರುವಷ್ಟರಲ್ಲಿ ನಡುವಿನ ಆಲೂಗಡ್ಡೆ ಇಲ್ಪೊನ ಬಾಯಲ್ಲಿತ್ತು.

"ಬಿಸಿ ಇತ್ತು," ಎಂದ ಅವನು, ತಪ್ಪಿತಸ್ಥನಂತೆ.

ಅವಳು ಬೈಯಲು ಬಾಯಿ ತೆರೆದಳು. ಖಾಲಿ ಜಾಗದಲ್ಲಿ ಬೆಣ್ಣೆ ಕರಗಿ ನಿಂತಿತ್ತು. ಹಾಗೇ ತೆಗೆದಳು. ಎಲ್ಲ ಫೋಟೋಗಳಲ್ಲಿ ರೈತ ಆರಿಸಿಕೊಂಡದ್ದು ಅದನ್ನೇ.