ಸುಭಾಸ ಅಡ್ಡ ನಿಂತದ್ದು

ಕುಂದಗೋಳದ ಸುಭಾಸ ಒಂಬತ್ತು ವರ್ಷ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡವೊಂದರಲ್ಲಿ ಆಡಿದ. ಆಡಿದ ಎನ್ನುವುದಕ್ಕಿಂತ ಅಡ್ಡ ನಿಂತ. ಎದುರಾಳಿಯ ದಾರಿಗೆ ಇವನು ಎದೆಯೊಡ್ಡುವುದು, ಆ ಸಂದಿನಲ್ಲಿ ಜೊತೆ ಆಟಗಾರ ಮಿಲಿಂದ ಚೆಂಡನ್ನು ಬುಟ್ಟಿಗೆ ಹಾಕುವುದು. ತಂಡವೆಂದರೆ ಹೀಗೇ ಎಂದು ಕೋಚ್ ಹೇಳಿದ್ದ, ಸುಭಾಸ ನಂಬಿದ್ದ. ಪೇಪರಿನಲ್ಲಿ ಮಿಲಿಂದನ ಫೋಟೋ ಬರುತ್ತಿತ್ತು. ಒಮ್ಮೆ ಅದರಲ್ಲಿ ಸುಭಾಸನ ಮೊಣಕೈಯೂ ಬಂದಿತ್ತು. ಚೆಂಡನ್ನಷ್ಟೇ ನೋಡುವ ನಮ್ಮಂಥವರ ಕಣ್ಣಿಗೆ ಅಷ್ಟು ಬಿದ್ದದ್ದೇ ಹೆಚ್ಚು.

ತಂಡ ಮುಚ್ಚಿತು. ಅಣ್ಣಿಗೇರಿಯ ಶಾಲೆಯೊಂದರಲ್ಲಿ ಆಟದ ಮಾಸ್ತರಿಕೆ ಖಾಲಿ ಇತ್ತು. ಅರ್ಜಿ ಹಾಕಿದವರು ಸುಭಾಸ, ಮಿಲಿಂದ ಇಬ್ಬರೇ. ಶಾಲೆಯ ಅಧ್ಯಕ್ಷ ಕುಬೇರಪ್ಪ ಪರೀಕ್ಷೆ ಇಟ್ಟರು: ಗುಮಾಸ್ತ ಹೇಮಂತ ತಡೆಯಬೇಕು, ಇವರು ತಲಾ ಹತ್ತು ಸಲ ಚೆಂಡು ಎಸೆಯಬೇಕು. ಹೆಚ್ಚು ಹಾಕಿದವನಿಗೆ ನೌಕರಿ.

ಸುಭಾಸ ಹತ್ತರಲ್ಲಿ ಆರು ಹಾಕಿದ. ಹೊಟ್ಟೆ ಬಂದಿದ್ದ ಮಿಲಿಂದ ಒಂಬತ್ತು ಎಸೆದರೂ ಆರೇ ಹಾಕಿದ್ದ. ಕೊನೆಯದಕ್ಕೆ ಹೇಮಂತ ಮೈಮೇಲೆ ಏರಿ ಬಂದ. ಬಾಜು ನಿಂತಿದ್ದ ಸುಭಾಸನ ಕಾಲುಗಳು ಅವನನ್ನು ಕೇಳದೆಯೇ ಮುಂದೆ ಹೋದವು. ಹೇಮಂತ ಅವನ ಎದೆಗೆ ಬಡಿದು ನೆಲಕ್ಕೆ ಕೂತ. ಮಿಲಿಂದ ನಿರಾಳವಾಗಿ ಚೆಂಡು ಹಾಕಿದ.

"ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ, ನಾ ನಡುವ ಬಂದೇನ್ರಿ," ಎಂದ ಸುಭಾಸ.

"ಬುಟ್ಯಾಗ ಬಿತ್ತಿಲ್ಲೋ? ಮಿಲಿಂದಂದು ಏಳಾತು," ಎಂದರು ಕುಬೇರಪ್ಪ.

"ಹಳೇ ಚಟ ಬಿಟ್ಟಿಲ್ಲಲೇ ಸುಭ್ಯಾ," ಎಂದು ಮಿಲಿಂದ ಅವನ ಬೆನ್ನು ತಟ್ಟಿ, ಕಾಗದಕ್ಕೆ ಸಹಿ ಹಾಕಲು ಆಫೀಸಿಗೆ ಹೋದ.

ಕುಬೇರಪ್ಪನವರಿಗೂ ಕರುಣೆ ಇತ್ತು. "ತಮ್ಮಾ, ನಿನಗ ಅಡ್ಡ ನಿಲ್ಲೂದು ಅಗದಿ ಚೊಲೋ ಬರ್ತದ. ನಮಗ ಗೇಟಿಗೆ ಒಬ್ಬಾಂವ ಬೇಕಾಗ್ಯಾನ."

ಸುಭಾಸ ಎದೆ ತಿಕ್ಕಿಕೊಂಡ. "ಯಾವಾಗಿಂದ ಬರ್ಲಿರೀ?"